ಸೈರನ್ ಕೂಗದ ಊರಿನಲ್ಲಿ

ಬಂಗಾರಪೇಟೆ

ವಿಮಾನ ಬಿದ್ದರೆ ಏನು ಮಾಡಬೇಕೆಂಬುದನ್ನು ಪಾಸ್‌ಪೋರ್ಟ್ ಕೈಗೆ ಬರುವ ಮೊದಲೇ ಯೋಚಿಸಿ ಮುಗಿಸಿದ್ದೆ. ಬೀಳದೆ ನೆಟ್ಟಗೆ ಇಳಿದುಬಿಟ್ಟರೆ ಏನು ಮಾಡಬೇಕೆಂಬುದು ಮಾತ್ರ ಹೊರಡುವ ದಿನದವರೆಗೂ ಹೊಳೆಯಲಿಲ್ಲ.

ನಾನು ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮೇಷ್ಟ್ರು. ಇಂಗ್ಲೆಂಡಿನ ನಕ್ಷೆಯನ್ನು ಪುಸ್ತಕ ನೋಡದೆಯೇ ಹಲಗೆಯ ಮೇಲೆ ಬರೆಯಬಲ್ಲೆ. ಅದು ಪ್ರತಿಸಲವೂ ಮೊಣಕಾಲು ಮಡಿಸಿ ಕೂತ ಮುದುಕಿಯ ಹಾಗೆ ಬರುತ್ತದೆ, ಹುಡುಗರು ನಗುತ್ತಾರೆ. ಆ ಮುದುಕಿಯ ಮಡಿಲಿಗೆ ನನ್ನನ್ನು ಕರೆಸಿಕೊಂಡದ್ದು ಭೂಗೋಳವಲ್ಲ, ಒಂದು ಡಬ್ಬ ರಾಗಿ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಕಡೆ ಒಂದು ಕ್ಲಬ್ಬಿನಲ್ಲಿ ನಮ್ಮದೊಂದು ಬ್ಯಾಂಡ್ ಇತ್ತು. ಗಿಟಾರ್ ನುಡಿಸುತ್ತಿದ್ದವನು ಡೆಂಜಿಲ್, ಆಂಗ್ಲೋ ಇಂಡಿಯನ್ನರ ಹುಡುಗ. ಗಣಿಯೊಳಕ್ಕೆ ಜನರನ್ನು ಇಳಿಸಿ ಹತ್ತಿಸುವ ಯಂತ್ರವನ್ನು ಅವನ ಅಪ್ಪ ನಡೆಸುತ್ತಿದ್ದರು. ಡ್ರಮ್ ಬಾರಿಸುತ್ತಿದ್ದವನು ನನ್ನ ಅಣ್ಣ ನಾರಾಯಣಸ್ವಾಮಿ. ಹಾಲಿನ ಪುಡಿಯ ಖಾಲಿ ಡಬ್ಬದಲ್ಲಿ ಹಿಡಿ ರಾಗಿ ಹಾಕಿಕೊಂಡು ಅಲ್ಲಾಡಿಸುತ್ತಿದ್ದವನು ನಾನು. ಇಷ್ಟು ಕೆಲಸದಲ್ಲೂ ತಪ್ಪುತ್ತಿದ್ದೆ. ಮುಚ್ಚಳ ಬಿಚ್ಚಿಕೊಂಡರೆ ಕುಣಿಯುವವರು ಕಾಲು ಜಾರಿ ಬಿದ್ದಾರೆಂಬ ಚಿಂತೆಯಲ್ಲಿ ನನಗೆ ತಾಳ ಕೇಳಿಸುತ್ತಲೇ ಇರಲಿಲ್ಲ.

ಕ್ಯಾಸಂಬಳ್ಳಿ ಪಕ್ಕದ ನಮ್ಮ ಹಳ್ಳಿಯಿಂದ ಅಣ್ಣ ಡೆಂಜಿಲ್ ಮನೆಗೆ ಹಾಲು ಹಾಕುತ್ತಿದ್ದ. ಬಾಗಿಲು ತೆರೆಯುವ ತನಕ ಕ್ಯಾನಿನ ಮುಚ್ಚಳದ ಮೇಲೆ ಬೆರಳಾಡಿಸುತ್ತಿದ್ದ. ಅದನ್ನು ಕಿಟಕಿಯಿಂದ ಕೇಳಿ ಡೆಂಜಿಲ್ ಒಳಗೆ ಕರೆದ. ಆಮೇಲೆ ಅಣ್ಣ ಗಣಿಗೆ ಸೇರಿದ, ಅಪಘಾತವಾದರೆ ಮೊದಲು ಇಳಿಯುವ ರೆಸ್ಕ್ಯೂ ತಂಡಕ್ಕೂ ಸೇರಿದ. ಕ್ಲಬ್ಬಿಗೆ ಮಾತ್ರ ಕೊನೆಯವರೆಗೂ ಅಡುಗೆಮನೆಯ ಬಾಗಿಲಿಂದಲೇ ಹೋದ. ಗಿಟಾರ್ ಮುಂಬಾಗಿಲಿಂದ, ಡ್ರಮ್ ಹಿಂಬಾಗಿಲಿಂದ. ಒಳಗೆ ಎರಡಕ್ಕೂ ಒಂದೇ ಹಾಡು.

ಕೆ.ಜಿ.ಎಫ್.ನವರಿಗೆ ಒಂದು ಅಭ್ಯಾಸವಿದೆ. ಅದನ್ನು ಹೇಳದೆ ಮುಂದಿನ ಯಾವುದೂ ನಿಮಗೆ ತಿಳಿಯುವುದಿಲ್ಲ. ಗಣಿಯ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುತ್ತದೆ. ನಾವು ಅದನ್ನು ಏರ್ ಬ್ಲಾಸ್ಟ್ ಅನ್ನುತ್ತೇವೆ. ಮೇಲೆ ಮನೆ ಅಲ್ಲಾಡುತ್ತದೆ, ಪಾತ್ರೆಗಳು ಗಲಗಲ ಅನ್ನುತ್ತವೆ. ಯಾರೂ ಕಿರುಚುವುದಿಲ್ಲ, ಓಡುವುದಿಲ್ಲ. ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಹತ್ತಿರದ ಲೋಟವನ್ನೋ ತಪ್ಪಲೆಯನ್ನೋ ಅಂಗೈಯಲ್ಲಿ ಒತ್ತಿ ಹಿಡಿದು, ಮೈಯೆಲ್ಲ ಕಿವಿಯಾಗಿ ಕೂರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೂಗಿದರೆ ಒಳಗೆ ಯಾರೋ ಸಿಕ್ಕಿಕೊಂಡಿದ್ದಾರೆ ಎಂದರ್ಥ. ಕೂಗದಿದ್ದರೆ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ. ‘ನಾಳೆ ಸಂತೆಗೆ’ ಎಂದು ನಿಂತವರು ‘ಓಗ್ಬೇಕು’ ಎಂದು ಮುಗಿಸುತ್ತಾರೆ, ನಡುವೆ ಏನೂ ಆಗದ ಹಾಗೆ. ನಮ್ಮ ಬ್ಯಾಂಡೂ ಹಾಗೆಯೇ. ಬ್ಲಾಸ್ಟ್ ಆದರೆ ನಿಲ್ಲುತ್ತಿದ್ದೆವು. ಸೈರನ್ ಇಲ್ಲವೆಂದರೆ ಅಣ್ಣನ ಕಡ್ಡಿ ಬಿಟ್ಟ ಪೆಟ್ಟಿನ ಮುಂದಿನ ಪೆಟ್ಟಿಗೇ ಬೀಳುತ್ತಿತ್ತು.

ಒಂದು ಕ್ರಿಸ್‌ಮಸ್ ಸಂಜೆ ಡೆಂಜಿಲ್ ತಾನೇ ಕಟ್ಟಿದ ಹಾಡು ನುಡಿಸುತ್ತಿದ್ದಾಗ ನೆಲ ಅಲ್ಲಾಡಿತು. ನಿಲ್ಲಿಸಿದೆವು. ಕುಣಿಯುತ್ತಿದ್ದ ಜೋಡಿಗಳು ಹಿಡಿದ ಕೈ ಬಿಡದೆ ನಿಂತವು. ಸೈರನ್ ಕೂಗಿತು. ಅಣ್ಣ ಕಡ್ಡಿಗಳನ್ನು ಡ್ರಮ್ಮಿನ ಮೇಲೆ ಅಡ್ಡಲಾಗಿ ಇಟ್ಟು ಅಡುಗೆಮನೆಯ ಬಾಗಿಲಿಂದ ಓಡಿದ. ಗಣಿಯೊಳಗೆ ಇಳಿದವನು ಮೇಲೆ ಬರಲಿಲ್ಲ.

ಮುಂದಿನ ಮಳೆಗಾಲದೊಳಗೆ ಡೆಂಜಿಲ್ ಮನೆಯವರು ಇಂಗ್ಲೆಂಡಿಗೆ ಹೊರಟುಹೋದರು. ಅಲ್ಲಿ ಅವನು ಬರ್ಮಿಂಗ್‌ಹ್ಯಾಮಿನ ಬಿಸ್ಕತ್ ಕಾರ್ಖಾನೆಯಲ್ಲಿ ದುಡಿದು, ಸಂಜೆ ಹೊತ್ತು ಬಾರುಗಳಲ್ಲಿ ನುಡಿಸಿದನಂತೆ. ಇಲ್ಲಿ ತಂತಿ ಸಿಗದೆ ಸೈಕಲ್ ಬ್ರೇಕಿನ ವೈರು ಕಟ್ಟಿಕೊಂಡು ತೆಗೆಯುತ್ತಿದ್ದ ಒರಟು ದನಿಯನ್ನು ಅಲ್ಲಿ ಬೇಕೆಂದೇ ತೆಗೆದು ಹೆಸರಾದ. ಆ ಕ್ರಿಸ್‌ಮಸ್ ಹಾಡು ರೆಕಾರ್ಡ್ ಆಯಿತು. ಅದರ ನಡುವೆ ಎಲ್ಲ ನಿಂತುಹೋಗುತ್ತದೆ. ಯಂತ್ರ ಕೆಟ್ಟಿತೇನೋ ಅನ್ನಿಸುವಷ್ಟು ಹೊತ್ತು ಮೌನ. ಆಮೇಲೆ ನಿಂತ ಸ್ವರದಿಂದಲೇ ಗಿಟಾರ್ ಒಂಟಿಯಾಗಿ ಮುಂದುವರಿಯುತ್ತದೆ. ಡ್ರಮ್ ಮತ್ತೆ ಬರುವುದೇ ಇಲ್ಲ. ಊರೂರಿನ ಗಿಟಾರ್ ಹುಡುಗರು ಈ ಮೌನವನ್ನು ಅಭ್ಯಾಸ ಮಾಡಿದರು. ಬೆಂಗಳೂರಿನ ಕ್ಯಾಸೆಟ್ ಅಂಗಡಿಯಲ್ಲಿ ಉದ್ದಗೂದಲಿನ ಯುವಕನೊಬ್ಬ, “ಅಂಕಲ್, ಇದು ಧ್ಯಾನದ ಲೆವೆಲ್ಲು, ನಿಮಗೆ ಹಿಡಿಸಲ್ಲ,” ಎಂದು ನನಗೇ ತಿಳಿಸಿಕೊಟ್ಟ. ಥ್ಯಾಂಕ್ಸ್ ಹೇಳಿ ಒಂದು ಕ್ಯಾಸೆಟ್ ಕಟ್ಟಿಸಿಕೊಂಡು ಬಂದೆ.

ತೊಂಬತ್ತರ ದಶಕ ಬಂದಾಗ ಅಲ್ಲಿಯ ಟೀವಿಯವರು ಡೆಂಜಿಲ್‌ನ ಜೀವನವನ್ನು ಚಿತ್ರ ಮಾಡಲು ಹೊರಟರು. ಬಾಲ್ಯದ ಗೆಳೆಯನೊಬ್ಬ ಬೇಕಾಗಿದ್ದ. ಬ್ಯಾಂಡಿನಲ್ಲಿ ಉಳಿದಿದ್ದವನು ನಾನೊಬ್ಬನೇ.

ಹೊರಡುವ ಮುಂಚೆ ನಂದಿದುರ್ಗದ ಲೈನ್ ಮನೆಗೆ, ಅಂದರೆ ಗಣಿ ಕೆಲಸಗಾರರ ಸಾಲುಮನೆಗೆ, ಹೋಗಿ ಅತ್ತಿಗೆಗೆ ಹೇಳಿದೆ. ಅಣ್ಣ ಹೋದ ಮೇಲೂ ಅವಳು ಆ ಲೈನ್ ಬಿಟ್ಟಿಲ್ಲ. ಎಮ್ಮೆ ಕಟ್ಟಿಕೊಂಡು ಅವಳೇ ಹಾಲು ಹಾಕುತ್ತಾಳೆ. ನಾನು ತಂದುಕೊಟ್ಟ ಆ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳುತ್ತಾಳೆ. “ಡ್ರಮ್ಮು ಬರ್ದಿದ್ರೆ ಬ್ಯಾಡ, ನಿಮ್ಮಣ್ಣ ಎದ್ದೋದ್ಮೇಲೆ ಬೇರೆಯೋರ್ನ ತಂದು ಕೂರಿಸ್ದೆ ಜಾಗ ಬಿಟ್ಟವ್ನಲ್ಲ, ಅದೇ ದೊಡ್ಡದು,” ಎಂದು ಮೊದಲ ಸಲ ಕೇಳಿದಾಗಲೇ ಅಂದಿದ್ದಳು.

“ಏನ್ ತರ್ಲಿ ಅತ್ಗೆ?” ಅಂದೆ.

“ನಂಗೇನೂ ತರ್ಬ್ಯಾಡ ಕಿಟ್ಟಪ್ಪಾ. ಸ್ವೆಟ್ರೂ ಬ್ಯಾಡ ಗಿಟ್ರೂ ಬ್ಯಾಡ. ನಿಮ್ಮಣ್ಣ ಬಾರ್ಸೋದ ನಾನು ಕ್ಲಬ್ಬಿನ ಗೋಡೆ ಆಚೆ ನಿಂತ್ಕಂಡು ಕೇಳ್ದೋಳು. ಒಳಕ್ಕೆ ಯಾರು ಬಿಡೋರು? ಅದ್ಕೇ, ಆ ಡೆಂಜಿಲ್ಲು ಜನದ ಮುಂದೆ, ಮೈಕ್ನಾಗೆ, ಒಂದ್ಸಲ ಏಳ್ಲಿ. ‘ಇಲ್ಲಿ ನಾರಾಯಣಸ್ವಾಮಿ ಇದ್ದ, ಎದ್ದೋದ’ ಅಂತ. ಅಷ್ಟೇ. ಇನ್ನೇನೂ ಬ್ಯಾಡ.”

“ಏಳಿಸ್ತೀನಿ.”

ಅತ್ತಿಗೆ ನಕ್ಕಳು. “ನೀನಾ? ಬಸ್ಸಿನಾಗೆ ನಿನ್ನ ಕಾಲು ತುಳ್ದೋರ್ಗೆ ನೀನೇ ‘ತಪ್ಪಾಯ್ತು’ ಅನ್ನೋನು. ಆದ್ರೂ ಕೇಳು. ಕೇಳ್ದೆ ಬರ್ಬ್ಯಾಡ.”

ಹೊರಡುವಾಗ ಒಂದು ಪೊಟ್ಟಣ ರಾಗಿ ಹುರಿಹಿಟ್ಟು ಕೈಗಿಟ್ಟಳು. “ಡೆಂಜಿಲ್ಲು ನಮ್ಮನೇಲಿ ಪ್ರಾಕ್ಟೀಸ್ ಆದ್ಮೇಲೆ ಬೆಲ್ಲ ಆಕ್ಕಂಡು ತಿಂತಿದ್ದ. ಮರ್ತಿದ್ರೆ ನೆಪ್ಪಾಗ್ಲಿ.”

ಲಂಡನ್, ವಿಮಾನ ನಿಲ್ದಾಣ

ವಿಮಾನ ಬೀಳಲಿಲ್ಲ. ಬಿದ್ದಿದ್ದರೆ ಹುರಿಹಿಟ್ಟಿನ ತಾಪತ್ರಯ ತಪ್ಪುತ್ತಿತ್ತು.

ಸುಂಕದ ಅಧಿಕಾರಿ ನನ್ನ ಪೆಟ್ಟಿಗೆಯಿಂದ ಪೊಟ್ಟಣ ತೆಗೆದು ಬಿಚ್ಚಿದ. ಕಂದು ಬಣ್ಣದ ನುಣ್ಣನೆ ಪುಡಿ. ಅವನ ಮುಖವೂ ನಿಧಾನವಾಗಿ ಬಣ್ಣ ಬದಲಾಯಿಸಿತು. ಇದೇನು ಎಂದ. ಹಿಟ್ಟು ಎಂದೆ. ಯಾವುದರ ಹಿಟ್ಟು ಎಂದ. ಇಪ್ಪತ್ತು ವರ್ಷ ಮಕ್ಕಳಿಗೆ ಪ್ರಪಂಚದ ಬೆಳೆಗಳನ್ನು ಇಂಗ್ಲಿಷಿನ ಹೆಸರು ಸಮೇತ ಬಾಯಿಪಾಠ ಮಾಡಿಸಿದ ನನಗೆ ಆ ಗಳಿಗೆಯಲ್ಲಿ ರಾಗಿಯ ಇಂಗ್ಲಿಷ್ ಹೆಸರು ಮರೆಯಿತು. ತಿನ್ನುವುದು ಎಂದು ತೋರಿಸಲು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಒಣ ಹುರಿಹಿಟ್ಟು ಬಾಯಿಗೆ ಹಾಕಿಕೊಂಡು ಮಾತನಾಡಬಾರದೆಂದು ನಮ್ಮ ಕಡೆ ಕೂಸಿಗೂ ಗೊತ್ತು. “ಫುಡ್” ಎಂದೆ. ಅವನ ಕಪ್ಪು ಕೋಟಿನ ತುಂಬ ಹಿಟ್ಟು. ಕೆಮ್ಮು ಹತ್ತಿ ನನಗೆ ಕಣ್ಣೀರು. ಇನ್ನೊಬ್ಬ ಅಧಿಕಾರಿ ಓಡಿ ಬಂದು ಬೆನ್ನು ಗುದ್ದಿದ. ನಾಯಿಯೊಂದನ್ನು ಕರೆತಂದು ಮೂಸಿಸಿದರು. ಅದು ಒಂದು ಸಲ ಸೀನಿ, ನನ್ನನ್ನು ಕ್ಷಮಿಸಿದ ಹಾಗೆ ನೋಡಿ ಹೊರಟುಹೋಯಿತು.

ಕೋಟು ಕೊಡವಿಕೊಳ್ಳುತ್ತ ಆ ಅಧಿಕಾರಿ ನನಗೇ ಸಾರಿ ಎಂದ. ಈ ದೇಶದಲ್ಲಿ ನನ್ನಂಥವರೇ ತುಂಬಿದ್ದಾರೆ ಅನ್ನಿಸಿ ಸ್ವಲ್ಪ ಧೈರ್ಯ ಬಂತು.

ಲಂಡನ್, ನೆಲದಡಿ

ಚಿತ್ರದ ನಿರ್ದೇಶಕಿ ಹೆಲೆನ್ ನನ್ನನ್ನು ನೆಲದಡಿಯ ರೈಲಿಗೆ ಕರೆದುಕೊಂಡು ಹೋದಳು. ಉದ್ದನೆ ಮುಖದ, ಮಾತಿಗೊಮ್ಮೆ “ಅದ್ಭುತ” ಎನ್ನುವ ಹೆಂಗಸು.

ಕೆ.ಜಿ.ಎಫ್.ನವನಿಗೆ ನೆಲದಡಿಗೆ ಇಳಿಯುವುದು ಹೊಸದಲ್ಲ ಅನ್ನಬಹುದು. ಆದರೆ ಇವರು ಇಳಿಯುವ ರೀತಿಯೇ ಬೇರೆ. ತಲೆಗೆ ಟೋಪಿ ಇಲ್ಲ, ಹಣೆಗೆ ದೀಪ ಇಲ್ಲ. ಪೇಪರ್ ಓದುತ್ತ ಇಳಿಯುತ್ತಾರೆ. ಒಬ್ಬಳು ತುಟಿಗೆ ಬಣ್ಣ ಹಚ್ಚಿಕೊಳ್ಳುತ್ತ ಇಳಿದಳು. ನಮ್ಮಲ್ಲಿ ಇಳಿಯುವವನು ಬಿಲ್ಲೆ ತೆಗೆದುಕೊಂಡು ಹೋಗುತ್ತಾನೆ, ಮೇಲೆ ಬಂದು ವಾಪಸ್ಸು ಕೊಡುತ್ತಾನೆ. ಪಾಳಿ ಮುಗಿದ ಮೇಲೂ ಬರದ ಬಿಲ್ಲೆ ಅಂದರೆ ಬರದ ಮನುಷ್ಯ. ಇಲ್ಲಿ ಯಾರು ಒಳಗಿದ್ದಾರೆ, ಯಾರು ಹೊರಗೆ ಬಂದರು ಎಂದು ನೋಡುವವರು ಯಾರು ಎಂದು ದಾರಿಯುದ್ದಕ್ಕೂ ಚಿಂತಿಸಿದೆ. ಹೊರಗೆ ಬರುವ ಗೇಟಿನಲ್ಲಿ ಯಂತ್ರ ನನ್ನ ಟಿಕೆಟ್ಟನ್ನು ನುಂಗಿತು, ವಾಪಸ್ಸು ಕೊಡಲಿಲ್ಲ. ಸದ್ಯ, ನಾನು ಮೇಲೆ ಬಂದದ್ದು ಯಾರಿಗೋ ತಿಳಿಯಿತು ಎಂದು ಸಮಾಧಾನವಾಯಿತು.

ಅಲ್ಲೇ ಒಂದು ಹೋಟೆಲಿನಲ್ಲಿ ಟೀ ಕುಡಿಯುತ್ತ ಹೆಲೆನ್, ಡೆಂಜಿಲ್ ಚಿಕ್ಕಂದಿನಲ್ಲಿ ಹೇಗಿದ್ದ ಎಂದು ಕೇಳಿದಳು. “ಅವನು ತುಂಬಾ” ಎಂದು ಶುರುಮಾಡಿದೆ. ಕೆಳಗೆ ರೈಲು ಹೋಯಿತು. ನೆಲ ಗುಡುಗಿತು, ಟೀ ಬಟ್ಟಲು ತಟ್ಟೆಯ ಮೇಲೆ ಕಿಣಿಕಿಣಿ ಎಂದಿತು. ನನ್ನ ಬಾಯಿ ತೆರೆದಲ್ಲೇ ನಿಂತಿತು. ಒಂದು ಅಂಗೈ ನನ್ನ ಬಟ್ಟಲಿನ ಮೇಲೆ, ಇನ್ನೊಂದು ಅಂಗೈ ಹೆಲೆನ್‌ಳ ಬಟ್ಟಲಿನ ಮೇಲೆ. ಕಿವಿ ಕಿಟಕಿಯ ಕಡೆ.

ಹೆಲೆನ್ ಎದ್ದು ನನ್ನ ಕೊರಳಪಟ್ಟಿ ಸಡಿಲಿಸಿದಳು. ಪಕ್ಕದ ಮೇಜಿನ ಮುದುಕ ತನ್ನ ಹೆಂಡತಿಯ ಮಾತ್ರೆ ಹಿಡಿದುಕೊಂಡು ಬಂದ. ಆಂಬುಲೆನ್ಸಿಗೆ ಫೋನ್ ಮಾಡಲು ಮಾಣಿ ಓಡುತ್ತಿದ್ದ.

“ಚೂಟಿ,” ಎಂದು ಮಾತು ಮುಗಿಸಿದೆ.

ಎಲ್ಲರೂ ನನ್ನನ್ನೇ ನೋಡಿದರು. ಹೃದಯಕ್ಕೇನೂ ಆಗಿಲ್ಲ, ಸೈರನ್‌ಗೆ ಕಾಯುತ್ತಿದ್ದೆ ಎಂದು ವಿವರಿಸಿದೆ. ಯಾವ ಸೈರನ್ ಎಂದರು. ಆಗ ನಾನು ಹೆಲೆನ್‌ಗೆ ಅಣ್ಣನ ಕತೆಯನ್ನೂ, ಹಾಡು ನಿಂತದ್ದನ್ನೂ ಹೇಳಿದೆ. ಅವಳು ಮೂಗು ಒರೆಸಿಕೊಂಡಳು. “ಅದ್ಭುತ,” ಎಂದಳು. “ಆದರೆ ಡೆಂಜಿಲ್ ಇದನ್ನು ನಮಗೆ ಬೇರೆ ಥರ ಹೇಳಿದ್ದಾರಲ್ಲ?”

ಡೆಂಜಿಲ್‌ನ ಮನೆ

ದೊಡ್ಡ ಬಂಗಲೆಗಳೆಲ್ಲ ಒಬ್ಬೊಬ್ಬ ಹೆಂಡತಿಯ ಜೊತೆ ಒಂದೊಂದಾಗಿ ಹೋಗಿ, ಅವನಿಗೆ ಉಳಿದಿದ್ದುದು ಲಂಡನ್ನಿನ ಒಂದು ಹಳೆಯ ಮನೆ. ಬಾಗಿಲು ತೆಗೆದವನು ಡೆಂಜಿಲ್ಲೇ. ನೆತ್ತಿ ಬೋಳಾಗಿ, ಹಿಂದೆ ಮಾತ್ರ ಜುಟ್ಟು ಉಳಿಸಿಕೊಂಡಿದ್ದ. ಎಡಗಿವಿ ಕೇಳಿಸುವುದಿಲ್ಲವಂತೆ.

“ಅಡಪಾವಿ! ಕಿಟ್ಟೂ! ಏನ್ ಮ್ಯಾನ್, ಮುದುಕ ಆಗ್ಬಿಟ್ಟೆ?”

“ನಿನ್ನ ತಲೆ ನೋಡ್ಕೋ ಮೊದ್ಲು,” ಎಂದೆ. ನಂದಿದುರ್ಗದಲ್ಲಿ ಹಾಲಿನವರ ಜೊತೆ, ಗಾಡಿಯವರ ಜೊತೆ ಆಡಿ ಕಲಿತ ಅವನ ಕನ್ನಡ ಹಾಗೇ ಇತ್ತು. ಅದನ್ನು ಕೇಳಿ, ನಾನು ಬಂದ ಕೆಲಸ ಸುಲಭವಾಗುತ್ತದೆ ಎಂದುಕೊಂಡೆ. ಚಿಂತೆ ಮಾಡದೆ ಬಿಟ್ಟ ಒಂದೇ ಸಂಗತಿ ಅದು. ಅದರಲ್ಲೇ ಏಟು ತಿಂದೆ.

ಹುರಿಹಿಟ್ಟನ್ನು ಕಂಡವನೇ ಹಾಲು ಸಕ್ಕರೆ ಕಲಸಿ, ಚಮಚ ಬದಿಗಿಟ್ಟು ಬೆರಳಲ್ಲೇ ತಿಂದ. ಬಟ್ಟಲು ಬಳಿದ. “ನಾಣಿ ವೈಫ್ ಕಳಿಸಿದ್ದಾ? ಹೆಂಗವ್ರೆ ಅವ್ರು?”

“ಅದೇ ಲೈನ್ ಮನೆ. ಅದೇ ಎಮ್ಮೆ, ಅಂದ್ರೆ ಅದ್ರ ಮೊಮ್ಮಗಳು.” ಇನ್ನು ತಡಮಾಡಿದರೆ ಧೈರ್ಯ ಇಳಿಯುತ್ತದೆಂದು ಗೊತ್ತಿದ್ದರಿಂದ ಒಂದೇ ಉಸಿರಿಗೆ ಹೇಳಿಬಿಟ್ಟೆ. “ನೀನು ಸ್ಟೇಜ್ ಮೇಲೆ ಅಣ್ಣನ ಹೆಸರು ಒಂದ್ಸಲ ಹೇಳ್ಬೇಕಂತೆ. ಆ ನಿಲ್ಲೋ ಜಾಗದಲ್ಲಿ. ಅದನ್ನ ಕೇಳೋಕೇ ಬಂದಿದೀನಿ, ಸಿನಿಮಾಗಲ್ಲ.”

ಡೆಂಜಿಲ್ ಉಳಿದ ಬೆರಳನ್ನೂ ನೆಕ್ಕಿ ಮುಗಿಸಿದ. ಆಮೇಲೆ ಹೇಳಿದ: “ಕಿಟ್ಟೂ, ನಾನು ಬಂದ ಹೊಸದ್ರಲ್ಲಿ ಇಲ್ಲಿಯೋರಿಗೆ ಇಂಡಿಯಾ ಅಂದ್ರೆ ಆಗ್ತಿರ್ಲಿಲ್ಲ. ನಾನು ಸ್ಪೇನ್ ಕಡೆಯೋನು ಅಂತ ಹೇಳ್ಕೊಂಡು ತಿರುಗ್ದೆ. ಈಗ ಇಂಡಿಯಾನೇ ಬೇಕಂತೆ. ಆದ್ರೆ ನಮ್ಮ ಇಂಡಿಯಾ ಅಲ್ಲ ಮ್ಯಾನ್. ಸಾಧು, ನದಿ, ಗುಹೆ.”

“ಅದಕ್ಕೆ?”

“ಕೇಳಿದ್ದು ಕೊಟ್ಟೆ. ಹಿಮಾಲಯದಲ್ಲಿ ಒಬ್ಬ ಸಾಧು ಮೌನ ಕಲಿಸ್ದ ಅಂತ.”

“ಹಿಮಾಲಯ ನೋಡಿದ್ದೀಯಾ ನೀನು?”

“ವಿಮಾನದಲ್ಲಿ ಕಿಟಕಿ ಸೀಟ್ ಸಿಕ್ಕಿದ್ರೆ ನೋಡ್ತಿದ್ದೆ.” ಅವನೇ ನಕ್ಕ. ನಾನೂ ನಕ್ಕೆ. ಹಳೆಯ ಗೆಳೆಯರ ಜೊತೆ ಇದೊಂದು ಕಷ್ಟ. ಸಿಟ್ಟು ಬರಬೇಕಾದ ಜಾಗದಲ್ಲಿ ನಗು ಬರುತ್ತದೆ.

ಅಷ್ಟರಲ್ಲಿ ಹೆಲೆನ್ ಕ್ಯಾಮೆರಾದವರೊಂದಿಗೆ ಬಂದಳು. ಇಬ್ಬರನ್ನೂ ಒಂದು ಮೇಜಿಗೆ ಕೂರಿಸಿ, ಮುಂದೆ ಟೀ ಇಟ್ಟು, ದೀಪ ಹೊತ್ತಿಸಿದರು. ಆ ಮೌನ ಎಲ್ಲಿಂದ ಬಂತೆಂದು ಇನ್ನೊಮ್ಮೆ ಹೇಳಿ ಎಂದು ಹೆಲೆನ್ ಕೇಳಿಕೊಂಡಳು. ನನ್ನ ಕಡೆ ಒಂದು ಕಣ್ಣು ಹಾಯಿಸಿದ್ದರಿಂದ, ಅವಳೂ ನಿಜಕ್ಕೆ ಒಂದು ಬಾಗಿಲು ತೆರೆದಿಟ್ಟಿದ್ದಾಳೆ ಅನ್ನಿಸಿತು.

ಡೆಂಜಿಲ್ ಇಂಗ್ಲಿಷಿನಲ್ಲಿ ಶುರುಮಾಡಿದ. “ಆ ಮೌನವನ್ನು ನನಗೆ ಕೊಟ್ಟವನು ಒಬ್ಬ”

ಮನೆಯ ಕೆಳಗೆ ರೈಲು ಹೋಯಿತು. ನೆಲ ಗುಡುಗಿತು.

ಅವನ ಮಾತು ನಿಂತಿತು. ಅವನ ಅಂಗೈ ಅವನ ಬಟ್ಟಲಿನ ಮೇಲೆ. ನನ್ನ ಅಂಗೈ ನನ್ನ ಬಟ್ಟಲಿನ ಮೇಲೆ. ಅಷ್ಟು ವರ್ಷ ಸ್ಪೇನಿನವನಾಗಿದ್ದವನು, ಅಷ್ಟು ವರ್ಷ ಆ ಸುರಂಗದ ಮೇಲೇ ಮಲಗಿ ಎದ್ದವನು, ಕ್ಲಬ್ಬಿನಲ್ಲಿ ಕೂತ ಹಾಗೆಯೇ ಕೂತಿದ್ದ. ಕೇಳಿಸುವ ಬಲಗಿವಿಯನ್ನು ಕಿಟಕಿಗೆ ತಿರುಗಿಸಿಕೊಂಡು ನನ್ನನ್ನೇ ನೋಡಿದ. ನಾನೂ ನೋಡಿದೆ. ಆ ಗಳಿಗೆಯಲ್ಲಿ ಅಣ್ಣ ನಮ್ಮಿಬ್ಬರ ನಡುವೆ ಇದ್ದ. ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ಸದ್ದು ನಿಂತಿತು. ಸೈರನ್ ಇಲ್ಲ. ಲಂಡನ್ನಿನಲ್ಲಿ ಎಲ್ಲಿಯ ಸೈರನ್.

“ಸಾಧು,” ಎಂದ ಡೆಂಜಿಲ್, ಬಿಟ್ಟಲ್ಲಿಂದಲೇ ಹಿಡಿದು.

ಹೆಲೆನ್ “ಅದ್ಭುತ” ಎಂದಳು. ಆ ತಡೆ ತುಂಬಾ ಚೆನ್ನಾಗಿ ಬಂದಿದೆಯಂತೆ.

ನನ್ನನ್ನೂ ಮಾತನಾಡಿಸಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎಲ್ಲ ಕೇಳಿಕೊಂಡು, ಒಂದೇ ಮೌನಕ್ಕೆ ಎರಡು ಹುಟ್ಟು ಇಟ್ಟರೆ ನೋಡುವವರಿಗೆ ಗೊಂದಲವಾಗುತ್ತದೆ, ಹಾಡು ಡೆಂಜಿಲ್ ಅವರದಾದ್ದರಿಂದ ಅವರ ಮಾತನ್ನೇ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಹೆಲೆನ್ ಬಹಳ ಮೆತ್ತಗೆ ತಿಳಿಸಿದಳು. ರಾಗಿ ಡಬ್ಬದ ಭಾಗ ಮಾತ್ರ ಖಂಡಿತ ಇರುತ್ತದಂತೆ.

ಕ್ಯಾಮೆರಾದವರು ಹೋದ ಮೇಲೆ ಡೆಂಜಿಲ್ ನನ್ನ ಹೆಗಲು ಹಿಡಿದುಕೊಂಡ. “ಸಿನಿಮಾ ಬಿಡು ಕಿಟ್ಟೂ. ಶನಿವಾರ ಬರ್ಮಿಂಗ್‌ಹ್ಯಾಮಲ್ಲಿ ಷೋ ಇದೆ. ಸ್ಟೇಜ್ ಮೇಲೆ ಹೇಳ್ತೀನಿ. ನಾಣಿ ಹೆಸರು ಹೇಳ್ತೀನಿ. ಮದರ್ ಪ್ರಾಮಿಸ್.” ಗಂಟಲಿನ ಚರ್ಮ ಹಿಡಿದು ಆಣೆ ಮಾಡಿದ, ಗಣಿಯ ಲೈನುಗಳಲ್ಲಿ ಗೋಲಿ ಕದ್ದಿಲ್ಲವೆಂದು ಹುಡುಗರು ಮಾಡುವ ಹಾಗೆ.

ನಂಬಿದೆ. ಆಮೇಲೆ, ನಂಬಿದ್ದಕ್ಕೆ ಚಿಂತೆ ಮಾಡುತ್ತ ಶನಿವಾರದ ತನಕ ಕಳೆದೆ.

ಬರ್ಮಿಂಗ್‌ಹ್ಯಾಮ್

ಮಳೆ ಅಂದರೆ ಮಳೆಯಲ್ಲ, ಯಾರೋ ಮೇಲೆ ಕೂತು ಒದ್ದೆ ಬಟ್ಟೆ ಕೊಡವುತ್ತಿದ್ದ ಹಾಗೆ. ಸಭಾಂಗಣದ ಹೊರಗೆ ಜನ ಸಾಲಾಗಿ ನೆನೆಯುತ್ತ ನಿಂತಿದ್ದರು, ಒಬ್ಬರೂ ಮುಂದಕ್ಕೆ ನುಗ್ಗಲಿಲ್ಲ. ಬಂಗಾರಪೇಟೆಯಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನನಗೆ ಇದು ನೋಡಲು ಚಂದ, ನಿಲ್ಲಲು ಹಿಂಸೆ.

ಬಂದವರೆಲ್ಲ ನನ್ನ ವಯಸ್ಸಿನವರೇ. ಹೊಟ್ಟೆ ಬಂದ, ಕನ್ನಡಕ ಹಾಕಿದ, ಕಪ್ಪು ಚರ್ಮದ ಕೋಟಿನೊಳಗೆ ಕಷ್ಟಪಟ್ಟು ತೂರಿಕೊಂಡ ಗಂಡಸರು. ಪಕ್ಕದಲ್ಲಿ ಕೂತ ಬಿಳಿಕೂದಲಿನ ಹೆಂಗಸು ಹತ್ತಿ ಉಂಡೆ ಕೊಟ್ಟು, ಕಿವಿಗೆ ಇಟ್ಟುಕೋ ಎಂದಳು. ಒಂದೇ ಕಿವಿಗೆ ಇಟ್ಟುಕೊಂಡೆ. ಹೆಸರು ಕೇಳಿಸದೆ ಹೋದರೆ?

ಡೆಂಜಿಲ್ ನುಡಿಸಿದ. ಕೈ ಹಳೆಯದಾಗಿರಲಿಲ್ಲ. ಆ ಒರಟು ದನಿ ಎದ್ದಾಗ ನನಗೆ ಸೈಕಲ್ ಬ್ರೇಕಿನ ವೈರಿನ ವಾಸನೆಯೇ ಬಂದ ಹಾಗಾಯಿತು. ಕೊನೆಗೆ ಗಿಟಾರಿನ ಮೇಲೆ ಅಂಗೈ ಇಟ್ಟು ಮೈಕಿನ ಮುಂದೆ ನಿಂತ. ಜನಕ್ಕೆ ಯಾವ ಹಾಡೆಂದು ತಿಳಿಯಿತು, ಕೂಗಿದರು.

“ಈ ಹಾಡು ಹುಟ್ಟಿದ ಜಾಗದಿಂದ ಇವತ್ತು ಒಬ್ಬರು ಬಂದಿದ್ದಾರೆ,” ಎಂದ ಇಂಗ್ಲಿಷಿನಲ್ಲಿ. ದೀಪವೊಂದು ಹುಡುಕಾಡಿ ಬಂದು ನನ್ನ ಮುಖದ ಮೇಲೆ ನಿಂತಿತು. ಕಣ್ಣು ಕತ್ತಲಾಯಿತು. ಎದ್ದು ನಿಂತು ಕೈ ಮುಗಿದೆ, ಒಂದು ಕಿವಿಯಲ್ಲಿ ಹತ್ತಿ ಸಮೇತ. “ನಾನು ಇವತ್ತು ಇದನ್ನು ನುಡಿಸುವುದು” ಎಂದು ಡೆಂಜಿಲ್ ನಿಲ್ಲಿಸಿದ. ಅಲ್ಲಿ ಯಾವ ರೈಲೂ ಹೋಗಲಿಲ್ಲ, ಯಾವ ನೆಲವೂ ಅಲ್ಲಾಡಲಿಲ್ಲ. ಹೇಳು ಎಂದು ಒಳಗೇ ಕೂಗಿಕೊಂಡೆ.

“ಕಿಟ್ಟುಗಾಗಿ!” ಎಂದ.

ಸಭಾಂಗಣ ಎದ್ದು ನಿಂತಿತು. ಕಿಟ್ಟೂ, ಕಿಟ್ಟೂ ಎಂದು ಕೂಗಿತು. ಬಿಳಿಕೂದಲಿನ ಹೆಂಗಸು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ತಾಳ ತಪ್ಪದೆ ಒಂದು ಹಾಡನ್ನೂ ಮುಗಿಸದವನ ಹೆಸರನ್ನು ಅಷ್ಟು ಜನ ತಾಳಕ್ಕೆ ಸರಿಯಾಗಿ ಕೂಗುತ್ತಿದ್ದರು.

ಹಾಡು ಶುರುವಾಯಿತು. ಇನ್ನೂ ಒಂದು ಉಳಿದಿದೆ ಎಂದು ಸಮಾಧಾನ ಮಾಡಿಕೊಂಡೆ. ಬಾಯಲ್ಲಿ ಹೇಳದಿದ್ದರೂ ಹಾಡಿನಲ್ಲಿ ಅಣ್ಣನ ಜಾಗ ಖಾಲಿ ಬಿಟ್ಟಿದ್ದಾನಲ್ಲ, ಡ್ರಮ್ ಮತ್ತೆ ಬರುವುದಿಲ್ಲವಲ್ಲ. ಅತ್ತಿಗೆ ದೊಡ್ಡದು ಎಂದದ್ದು ಅದನ್ನೇ.

ಎಲ್ಲ ನಿಂತಿತು. ನನ್ನ ಅಂಗೈ ಒತ್ತಲು ಲೋಟ ಹುಡುಕಿತು, ಮುಂದಿನ ಕುರ್ಚಿಯ ಬೆನ್ನು ಸಿಕ್ಕಿತು.

ಆ ಮೌನದೊಳಗೆ ಜನ ಚಪ್ಪಾಳೆ ಹಾಕಲು ಶುರುಮಾಡಿದರು. ಒಬ್ಬ, ಹತ್ತು ಜನ, ಎಲ್ಲರೂ, ತಾಳಬದ್ಧವಾಗಿ. ಮುಂದೆ ಒಳ್ಳೆಯದೇ ಆಗುತ್ತದೆಂದು ಗೊತ್ತಿದ್ದವರ ಚಪ್ಪಾಳೆ. ನಮ್ಮೂರಿನಲ್ಲಿ ಆ ಹೊತ್ತಿನಲ್ಲಿ ಕೆಮ್ಮಿದವನನ್ನೂ ಯಾರೂ ಕ್ಷಮಿಸುವುದಿಲ್ಲ. ಚಪ್ಪಾಳೆ ಏರಿ ಏರಿ ತುದಿ ಮುಟ್ಟಿದಾಗ, ಹಿಂದೆ ಕೂತಿದ್ದ ಹೊಸ ಡ್ರಮ್ಮಿನವನು ಎರಡೂ ಕೈ ಎತ್ತಿ ಬಾರಿಸಿಬಿಟ್ಟ. ಗಿಟಾರ್ ಅವನ ಹಿಂದೆ ಬಂತು. ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಜನ ಕುಣಿದರು.

ಆಮೇಲೆ ವೇದಿಕೆಯ ಹಿಂದಿನ ಕೋಣೆಗೆ ಕರೆದೊಯ್ದರು. ಡೆಂಜಿಲ್ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

“ಖುಷಿ ಆಯ್ತಾ ಕಿಟ್ಟೂ?”

“ಅಣ್ಣನ ಹೆಸರು?”

“ಬಾಯಿಗೆ ಬರ್ಲಿಲ್ಲ ಮ್ಯಾನ್. ಹೇಳಿದ್ರೆ ನುಡಿಸಕ್ಕೆ ಆಗ್ತಿರ್ಲಿಲ್ಲ.” ಟವೆಲ್ ಮುಖದ ಮೇಲೆಯೇ ಇತ್ತು. ಇದು ನಿಜವಿರಬಹುದು. ನಿಜವಾದರೆ ಇನ್ನೂ ಕೆಟ್ಟದ್ದು.

“ಡ್ರಮ್ ಯಾಕೆ ಬಂತು?”

“ಅದಾ? ಈಗೆಲ್ಲ ಹಂಗೇ ಮಾಡೋದು. ಡ್ರಮ್ ವಾಪಸ್ ಬರ್ದಿದ್ರೆ ಜನ ಮನೆಗೆ ಹೋಗೋವಾಗ ಬೇಜಾರು ಮಾಡ್ಕೊಂಡು ಹೋಗ್ತಾರೆ.”

“ನಾವೂ ಹೋದ್ವಲ್ಲ ಡೆಂಜಿಲ್, ಅವತ್ತು.”

ಅದಕ್ಕೆ ಅವನು ಕೇಳಿಸದ ಕಿವಿ ಕೊಟ್ಟ. ನಾನು ಹೊರಗೆ ಬಂದೆ. ಬಾಗಿಲಲ್ಲಿ ಯಾರೋ ನನ್ನ ಸಹಿ ಕೇಳಿದರು. ಹಾಕಿಕೊಟ್ಟೆ. ಇಲ್ಲ ಅನ್ನುವ ಅಭ್ಯಾಸ ನನಗಿಲ್ಲ.

ನಂದಿದುರ್ಗ

ವಾಪಸ್ಸು ಬರುವಾಗ ವಿಮಾನದ ಬಗ್ಗೆ ಒಮ್ಮೆಯೂ ಯೋಚಿಸಲಿಲ್ಲ. ಅತ್ತಿಗೆಗೆ ಏನು ಹೇಳುವುದು ಎಂಬ ಒಂದೇ ಚಿಂತೆ. ಹೇಳಿದ ಅಂದುಬಿಟ್ಟರೆ? ಬರ್ಮಿಂಗ್‌ಹ್ಯಾಮಿಗೆ ಹೋಗಿ ವಿಚಾರಿಸುವವರು ಯಾರು? ಮೈಕು, ದೀಪ, ಎದ್ದು ನಿಂತ ಜನ, ಎಲ್ಲವೂ ನಿಜ. ಒಂದು ಹೆಸರು ತೆಗೆದು ಇನ್ನೊಂದು ಇಟ್ಟರಾಯಿತು. ಮದ್ರಾಸಿನಲ್ಲಿ ಇಳಿಯುವ ಹೊತ್ತಿಗೆ ಸುಳ್ಳು ತೊಳೆದಿಟ್ಟ ತಟ್ಟೆಯ ಹಾಗೆ ಸಿದ್ಧವಾಗಿತ್ತು.

ಅತ್ತಿಗೆ ಕಾಫಿ ಕೊಟ್ಟಳು. ಸುಂಕದವನ ಕೋಟಿನ ಮೇಲೆ ಹುರಿಹಿಟ್ಟು ಉಗಿದದ್ದು ಕೇಳಿ ನಕ್ಕಳು. ಟೀ ಬಟ್ಟಲು ಒತ್ತಿ ಹಿಡಿದದ್ದು ಕೇಳಿ, “ಅಲ್ಲಿಗೋದ್ರೂ ಬುದ್ದಿ ಬಿಡ್ಲಿಲ್ವ ನೀನು,” ಎಂದು ಇನ್ನಷ್ಟು ನಕ್ಕಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು ಎದುರಿಗೆ ಕೂತಳು.

“ಅದಿರ್ಲಿ. ಅವನು ಮೈಕ್ನಾಗೆ ನಿಮ್ಮಣ್ಣನ ಎಸ್ರು”

ನೆಲ ಅಲ್ಲಾಡಿತು. ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಎಂದವು. ಅತ್ತಿಗೆಯ ಅಂಗೈ ಹಾಲಿನ ತಪ್ಪಲೆಯ ಮೇಲೆ, ನನ್ನದು ಕಾಫಿ ಲೋಟದ ಮೇಲೆ. ಲೈನಿನ ಉದ್ದಕ್ಕೂ ಮಾತು ನಿಂತಿತು. ಹೊರಗೆ ಪಾತ್ರೆ ತಿಕ್ಕುತ್ತಿದ್ದವರ ಕೈ ನಿಂತಿತು. ಎಮ್ಮೆಯೂ ಮೆಲುಕು ನಿಲ್ಲಿಸಿತು ಅನ್ನಿಸಿತು.

ನನಗೆ ಬೇಕಾದಷ್ಟು ಹೊತ್ತಿತ್ತು. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅತ್ತಿಗೆ ನನ್ನ ಕಡೆ ನೋಡುತ್ತಿರಲಿಲ್ಲ. ಅಣ್ಣ ಓಡಿದ ಸಂಜೆ ಕ್ಲಬ್ಬಿನ ಗೋಡೆಯಾಚೆ ನಿಂತು ಕೇಳಿದ್ದಳಲ್ಲ, ಹಾಗೆಯೇ ಕೇಳುತ್ತಿದ್ದಳು. ಆ ಕಿವಿಯೊಳಕ್ಕೆ ಸುಳ್ಳು ಹಾಕಲು ನನ್ನಿಂದಾಗಲಿಲ್ಲ. ಅದೇ ಹೊತ್ತಿನಲ್ಲಿ ಅದೇ ಕೆಲಸ ಮಾಡಿದವನನ್ನು ನಾನು ಲಂಡನ್ನಿನಲ್ಲಿ ಕಣ್ಣಾರೆ ನೋಡಿ ಬಂದಿದ್ದೆ.

ಸೈರನ್ ಕೂಗಲಿಲ್ಲ. ಹೊರಗೆ ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

“ಏಳಿದ್ನಾ?” ಎಂದಳು ಅತ್ತಿಗೆ.

“ಇಲ್ಲ ಅತ್ಗೆ. ನನ್ನ ಎಸ್ರು ಏಳ್ದ.”

ಅವಳು ನನ್ನನ್ನು ದಿಟ್ಟಿಸಿದಳು. “ನಿಂದಾ? ರಾಗಿ ಡಬ್ಬದೋನ್ದಾ?” ಎಂದು ಬಿದ್ದು ಬಿದ್ದು ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಆ ನಗು ಮುಗಿಯುವ ತನಕ ಕಾದು ಡ್ರಮ್ಮಿನ ವಿಷಯವನ್ನೂ ಹೇಳಿದೆ. ಈಗ ಅದು ವಾಪಸ್ಸು ಬರುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ ಎಂದು.

ನಗು ನಿಂತಿತು.

ಎದ್ದುಹೋಗಿ ಗೂಡಿನ ಟೇಪ್‌ರೆಕಾರ್ಡರಿಗೆ ಆ ಕ್ಯಾಸೆಟ್ ಹಾಕಿದಳು. ಗಿಟಾರ್ ಬಂತು. ಡ್ರಮ್ ಬಂತು. ಅದು ಯಾರೋ ಇಂಗ್ಲೆಂಡಿನವನು ಬಾರಿಸಿದ್ದಾದರೂ ಪೆಟ್ಟುಗಳು ಹಾಲಿನ ಕ್ಯಾನಿನ ಮುಚ್ಚಳದವು. ಅತ್ತಿಗೆ ನಿಂತುಕೊಂಡೇ ಕೇಳಿದಳು. ಎಲ್ಲ ನಿಂತುಹೋಗುವ ಜಾಗ ಬಂತು. ಒಂಟಿ ಗಿಟಾರ್ ಮತ್ತೆ ಏಳುವ ಮೊದಲೇ ಗುಂಡಿ ಒತ್ತಿ ನಿಲ್ಲಿಸಿದಳು.

“ಇಲ್ಲೀಗಂಟ ನಮ್ದು,” ಎಂದಳು. “ಮುಂದಿಂದು ಅವನೇ ಮಡಿಕ್ಕಳ್ಳಿ.”